ಮಚ್ಚೆ ಬದಲಾಯಿಸಿದ ಕ್ಯಾಮೆರಾ

ನನ್ನ ಭಾವನಿಗೆ ತಲೆಗಳ ಬಗ್ಗೆ ಗೊತ್ತಿರುವಷ್ಟು ಬೇರೆ ಯಾವುದರ ಬಗ್ಗೆಯೂ ಗೊತ್ತಿಲ್ಲ. ಮೂವತ್ತೊಂದು ವರ್ಷದಿಂದ ಕಟಿಂಗ್ ಶಾಪ್ ಇಟ್ಟವರು. ಒಂದೇ ಕುರ್ಚಿ, ಎದುರಿಗೆ ಗೋಡೆಯುದ್ದ ಕನ್ನಡಿ. ಗಿರಾಕಿಯ ಜೊತೆ ಮಾತೂ ಕನ್ನಡಿಯಲ್ಲೇ, ಜಗಳವೂ ಕನ್ನಡಿಯಲ್ಲೇ. ಅದೇ ಗಿರಾಕಿ ರಸ್ತೆಯಲ್ಲಿ ಎದುರಾದರೆ ಅವರಿಗೆ ಒಂದು ಗಳಿಗೆ ಗುರುತು ಹತ್ತುವುದಿಲ್ಲ. ಇಂಥವರು ವಿಡಿಯೋ ಕ್ಯಾಮೆರಾ ಕೊಳ್ಳಲು ಹೊರಟು, ಆರಿಸಿಕೊಡು ಬಾ ಎಂದು ನನ್ನನ್ನು ಕರೆದರು. ನಾನೋ ಬಸ್ ನಿಲ್ದಾಣದಲ್ಲಿ ಟಿಕೆಟ್ ಹರಿಯುವವನು. ಕುರುಡನ ಕೈ ಕುರುಡ ಹಿಡಿದ ಹಾಗಾಯಿತು.

ಇದಕ್ಕೆಲ್ಲ ಕಾರಣ ನನ್ನ ಅಕ್ಕ. ಅವಳ ಗಂಟಲಿನಲ್ಲಿ ಗಡ್ಡೆ ಬೆಳೆದಿತ್ತು. ಗುರುವಾರ ಆಪರೇಷನ್. ಜೀವಕ್ಕೆ ಭಯವಿಲ್ಲ, ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಈ ಧ್ವನಿ ಇರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಅಕ್ಕನ ಬಾಯಿ ಎಂದರೆ ನಿದ್ದೆಯಲ್ಲಿ ಮಾತ್ರ ವಿಶ್ರಾಂತಿ ಪಡೆಯುವ ಬಾಯಿ. ಹುಟ್ಟಿದಾಗಿನಿಂದ ಅದರ ಏಟು ತಿಂದವನು ನಾನು. ಅದು ನಿಂತುಹೋಗುತ್ತದೆ ಎಂದಾಗ ನಾನೇ ಎರಡು ದಿನ ಚಿಲ್ಲರೆ ತಪ್ಪು ಎಣಿಸಿಕೊಟ್ಟೆ. ಇನ್ನು ಭಾವನದು ಕೇಳಬೇಕೆ.

ಆಗಿನ್ನೂ ಫೋನಿನಲ್ಲಿ ವಿಡಿಯೋ ತೆಗೆಯುವ ಕಾಲ ಬಂದಿರಲಿಲ್ಲ. ಹಿಡಿದಿಡಬೇಕಾದ್ದು ಅವಳ ಧ್ವನಿ ತಾನೇ, ಟೇಪ್‌ರೆಕಾರ್ಡರ್ ಸಾಕು, ದುಡ್ಡೂ ಉಳಿಯುತ್ತದೆ ಎಂದು ನಾನು ಬುದ್ಧಿ ಹೇಳಿದೆ.

“ಅವಳು ಅರ್ಧ ಬಾಯಲ್ಲಿ ಮಾತಾಡ್ತಾಳೆ, ಇನ್ನರ್ಧ ಹುಬ್ಬಲ್ಲಿ,” ಎಂದರು ಭಾವ. “ಬರೀ ಧ್ವನಿ ಇಟ್ಕೊಂಡು ನಾನೇನಪ್ಪ ಮಾಡ್ಲಿ?”

ಅಂಗಡಿಗೆ ಹೊಸ ಕುರ್ಚಿ ತರಲು ಕೂಡಿಟ್ಟ ದುಡ್ಡು ಜೇಬಿನಲ್ಲಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ನಮ್ಮದು ಹಾಸಿಗೆಯೂ ಅಲ್ಲ, ಮುಖ ಒರೆಸುವ ಟವೆಲು. ಸೋಮವಾರ ಹೋದ ಮೊದಲ ಅಂಗಡಿಯವನು ಝೂಮಿನಲ್ಲಿ ಎರಡು ಜಾತಿ, ಟೇಪಿನಲ್ಲಿ ಮೂರು ಅಳತೆ, ಬ್ಯಾಟರಿಯಲ್ಲಿ ಇನ್ನೇನೋ ಎಂದು ಒಂದೇ ಉಸಿರಿಗೆ ಒದರಿದ. ಭಾವ ನನ್ನ ಮುಖ ನೋಡಿದರು. ನಾನು ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಬೆಲೆ ಕೇಳಿದ ಮೇಲೆ ಇಬ್ಬರೂ ಕೆಮ್ಮುತ್ತಾ ಹೊರಗೆ ಬಂದೆವು.

ಹಳೆಯ ಕ್ಯಾಮೆರಾ ಮಾರುವ ಅಂಗಡಿಗಳಲ್ಲಿ ನಿಜವಾದ ಪೇಚಾಟ ಶುರುವಾಯಿತು. ಅಲ್ಲಿ ಕ್ಯಾಮೆರಾವನ್ನು ಟಿವಿಗೆ ಸಿಕ್ಕಿಸಿ, ನೋಡಿ ನಿಮ್ಮ ಮುಖ ಎಷ್ಟು ಚೆನ್ನಾಗಿ ಬಂದಿದೆ ಎಂದು ತೋರಿಸುತ್ತಾರೆ. ಭಾವ ನೋಡಿದರು. ಬಲಗೆನ್ನೆ ಮುಟ್ಟಿಕೊಂಡರು. ಅಲ್ಲಿರುವ ಮಚ್ಚೆ ಟಿವಿಯಲ್ಲಿ ಆಚೆ ಕಡೆ ಹೋಗಿತ್ತು. ಬೈತಲೆಯೂ ಆಚೆ ಕಡೆ. ಇವರು ಒಂದು ಕೈ ಎತ್ತಿದರೆ ಟಿವಿಯವನು ಇನ್ನೊಂದು ಎತ್ತಿದ. ಇದು ಕೆಟ್ಟಿದೆ, ಬೇರೆ ಕೊಡಿ ಎಂದರು. ಬೇರೆಯದರಲ್ಲೂ ಅದೇ ಕಥೆ. ಪಕ್ಕದ ಅಂಗಡಿಯಲ್ಲೂ ಅದೇ. ಎರಡು ದಿನದಲ್ಲಿ ಒಂಬತ್ತು ಕ್ಯಾಮೆರಾ ಬೇಡವೆಂದರು. ಊರಿನ ಕೆಟ್ಟ ಮಾಲೆಲ್ಲ ನಮಗೇ ಕಾದಿದೆಯೇನೋ ಎಂದು ನನಗೂ ಅನ್ನಿಸತೊಡಗಿತು. ನಾನೂ ಮುಂದೆ ನಿಂತು ನೋಡಿದೆ. ಎಡ ಯಾವುದು, ಬಲ ಯಾವುದು, ನಾನು ಯಾರು ಒಂದೂ ತಿಳಿಯಲಿಲ್ಲ. ಫೋಟೋ ಇದ್ದಿದ್ದರೆ ಹೋಲಿಸಬಹುದಿತ್ತು. ಭಾವ ಫೋಟೋ ತೆಗೆಸಿಕೊಂಡದ್ದೇ ಮದುವೆಯಲ್ಲಿ ಒಂದು ಸಲ, ಅದರಲ್ಲೂ ತಲೆ ತಗ್ಗಿಸಿದ್ದರು.

“ಭಾವ, ಗುರುವಾರ ಬಂತು. ಮಚ್ಚೆ ಎಲ್ಲಿದ್ರೇನು?” ಎಂದು ರೇಗಿದೆ.

“ನನ್ನ ಮುಖಾನೇ ಸುಳ್ಳು ತೋರಿಸೋದು ಅವಳ ಮುಖ ನಿಜ ತೋರಿಸುತ್ತಾ?” ಎಂದು ಅವರೂ ರೇಗಿದರು.

ಮಂಗಳವಾರ ಸಂಜೆ ಕೊನೆಯ ಅಂಗಡಿಯ ಮುದುಕ ಸಾಕಾಗಿ ಹೋಗಿ, ಮನೆಗೆ ಒಯ್ದು ನೋಡಿ, ಬೇಡವಾದರೆ ನಾಳೆ ತಂದುಕೊಡಿ ಎಂದು ಒಂದು ಕ್ಯಾಮೆರಾವನ್ನು ಟೇಪು ಸಮೇತ ಕೈಗಿಟ್ಟ. ಕೆಂಪು ಗುಂಡಿ ಒತ್ತಿದರೆ ಶುರುವಾಗುತ್ತದೆ ಎಂದ. ನಿಲ್ಲಿಸುವುದು ಹೇಗೆಂದು ನಾವು ಕೇಳಲಿಲ್ಲ.

ಮನೆಯಲ್ಲಿ ಅಕ್ಕ ಕಟಿಂಗ್ ಶಾಪಿನ ಟವೆಲುಗಳನ್ನು ಮಡಚುತ್ತಾ ಕೂತಿದ್ದಳು. ನಾನು ಕೆಂಪು ಗುಂಡಿ ಒತ್ತಿದೆ. ಮಾತಾಡು ಎಂದರು ಭಾವ. ಅವಳು ಒಂದು ಟವೆಲು ತೆಗೆದು ಬಾಯಿಗೆ ಅಡ್ಡ ಹಿಡಿದಳು. ಹತ್ತು ನಿಮಿಷ ಗೋಗರೆದೆವು. ಆ ಬಾಯಿಗೆ ಬೀಗ ಬಿದ್ದದ್ದನ್ನು ನಾನು ಜೀವಮಾನದಲ್ಲಿ ಮೊದಲ ಸಲ ನೋಡಿದೆ, ಅದೂ ಆ ದಿನವೇ.

ಭಾವ ಸೋತರು. ಇದು ಹೇಗಿದ್ದರೂ ಕೆಟ್ಟ ಕ್ಯಾಮೆರಾ, ಬೇಕಾದರೆ ನೀನೇ ನೋಡು ಎಂದು ಅದನ್ನು ಅವಳ ಕೈಗೆ ಕೊಟ್ಟು ಎದುರಿಗೆ ಕೂತರು. ಅಕ್ಕ ಅದರ ಪುಟ್ಟ ತೆರೆಯನ್ನು ನೋಡಿದಳು, ಗಂಡನನ್ನು ನೋಡಿದಳು, ಮತ್ತೆ ತೆರೆಯನ್ನು ನೋಡಿದಳು. ಟವೆಲು ಜಾರಿ ಬಿತ್ತು.

“ಏನೂ ಕೆಟ್ಟಿಲ್ಲ ರೀ. ನಿಮ್ಮ ಮುಖ ಇರೋದೇ ಹೀಗೆ. ಇಷ್ಟು ವರ್ಷ ದಿನಾ ನಾನು ನೋಡಿರೋದು ಇದೇ ಮುಖ. ನೀವೇ ನೋಡ್ಕೊಂಡಿಲ್ಲ. ಕನ್ನಡೀಲಿ ಇರೋನು ಯಾರೋ ನಂಗೊತ್ತಿಲ್ಲ, ನಾನು ಮದುವೆಯಾಗಿದ್ದು ಇವರನ್ನ.”

ಬಾಯಿ ಒಮ್ಮೆ ಬಿಚ್ಚಿದ ಮೇಲೆ ಕೇಳಬೇಕೆ. ಊರಿನ ತಲೆಯೆಲ್ಲ ಕತ್ತರಿಸುತ್ತೀರಿ, ನಿಮ್ಮ ಕಿವಿಯ ಕೂದಲು ಕಾಣುವುದಿಲ್ಲವೇ ಎಂದಳು. ಕುರ್ಚಿಯ ದುಡ್ಡು ಇದಕ್ಕೆ ಸುರಿದಿರಾ ಎಂದಳು. ಮಧ್ಯಾಹ್ನದ ಊಟ ನಾಲ್ಕು ಗಂಟೆಗೆ ಮುಂದೂಡಬೇಡಿ, ಗುರುವಾರದ ಮೇಲೆ ಕೂಗಿ ಕರೆಯುವವರು ಯಾರೂ ಇರುವುದಿಲ್ಲ, ಈಗಲೇ ಕೇಳಿಸಿಕೊಂಡುಬಿಡಿ ಎಂದಳು. ಭಾವ ಕೈಕಟ್ಟಿಕೊಂಡು ಕೇಳಿದರು. ಅವರ ಕಣ್ಣು ತುಂಬಿತ್ತು. ಕೈ ಬದಲಾದಾಗಲೇ ಕ್ಯಾಮೆರಾ ನಿಂತುಹೋಗಿದೆ ಎಂದುಕೊಂಡಿದ್ದ ನನಗೆ, ಇದನ್ನು ತೆಗೆಯಬೇಕಿತ್ತಲ್ಲ ಎಂದು ನನ್ನ ಮೇಲೆಯೇ ಸಿಟ್ಟು ಬಂದು, ಅವಳ ಕೈಯಲ್ಲಿದ್ದಂತೆಯೇ ಅದರ ಇದ್ದಬದ್ದ ಗುಂಡಿಯನ್ನೆಲ್ಲ ಒತ್ತಿದೆ. ಎಲ್ಲೋ ಒಂದು ಕೆಂಪು ದೀಪ ಆರಿತು.

ಬುಧವಾರ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಭಾವ ಆಟೋ ಇಳಿದು ಕ್ಯಾಮೆರಾ ಅಂಗಡಿಯ ಮುದುಕನಿಗೆ ದುಡ್ಡು ಕೊಟ್ಟರು. ಮಚ್ಚೆ ಸರಿಯಾಗಿಯೇ ಇದೆ ಎಂದು ಅವನಿಗೆ ಹೇಳಿದರಂತೆ. ಟೇಪಿನಲ್ಲಿ ಬರೀ ಟವೆಲು ಹಿಡಿದ ಅಕ್ಕ ಇದ್ದಾಳೆ ಎಂದೇ ನಾವಿಬ್ಬರೂ ತಿಳಿದಿದ್ದೆವು.

ಅಕ್ಕ ಮನೆಗೆ ಬಂದ ಮೂರನೆಯ ವಾರ ಅದನ್ನು ಟಿವಿಗೆ ಹಾಕಿದೆವು. ಅವಳ ಕತ್ತಿಗೆ ಬಿಳಿ ಬಟ್ಟೆ ಸುತ್ತಿತ್ತು. ಹತ್ತು ನಿಮಿಷ ಟವೆಲು ಬಂತು. ನಾಚಿಕೆಯಾಗಿ ನಾನು ಆರಿಸಲು ಎದ್ದೆ. ಅಷ್ಟರಲ್ಲಿ ಚಿತ್ರ ತಿರುಗಿ ನೆಲ, ಗೋಡೆ ಎಲ್ಲ ಕಾಣಿಸಿ ಭಾವನ ಮುಖದ ಮೇಲೆ ನಿಂತಿತು. ಹಿಂದೆಯೇ ಅಕ್ಕನ ಧ್ವನಿ ಬಂತು. ಅವಳು ಚಿತ್ರದಲ್ಲಿ ಎಲ್ಲೂ ಇರಲಿಲ್ಲ, ಕ್ಯಾಮೆರಾ ಹಿಡಿದವಳು ಅವಳೇ ತಾನೇ. ಟಿವಿಯೊಳಗೆ ಅವಳು ಕಿವಿಯ ಕೂದಲಿಗೆ ಬೈಯುತ್ತಿದ್ದಳು, ಇಲ್ಲಿ ಭಾವನ ಪಕ್ಕದಲ್ಲಿ ಕೂತಿದ್ದ ಅಕ್ಕನ ಹುಬ್ಬು ಆ ಮಾತಿಗೆ ಸರಿಯಾಗಿ ಮೇಲೇರಿತು. ಭಾವ ಟಿವಿಯ ಕಡೆ ನೋಡಲೇ ಇಲ್ಲ. ಟೇಪು ಮುಗಿಯುವವರೆಗೂ ಅವಳ ಕಡೆ ತಿರುಗಿಕೊಂಡು, ಆ ಹುಬ್ಬನ್ನೇ ನೋಡುತ್ತಾ ಕೂತರು.