ದ್ರಾಕ್ಷಿ ಚಪ್ಪರದ ಕೆಳಗೆ ಹೀರೋ ಓಡಿದ್ದು

ಗೆಳೆಯರೇ, ನಿನ್ನೆ ಇಲ್ಲೇ ಆ ಹೊಸ ಸಿನಿಮಾಕ್ಕೆ ಕೊಟ್ಟಿದ್ದ ಐದು ಸ್ಟಾರ್‌ನಲ್ಲಿ ಒಂದನ್ನು ವಾಪಸ್ ಪಡೆಯುತ್ತಿದ್ದೇನೆ. ಕಾರಣ ನನ್ನ ಹಣೆಯ ಮೇಲಿದೆ.

ಬೆಳಿಗ್ಗೆ ಓಡೈಪಟ್ಟಿಯ ನಮ್ಮ ತೋಟದಲ್ಲಿ ದ್ರಾಕ್ಷಿ ಕೊಯ್ಯುತ್ತಾ, "ನಮ್ ಸೀಮೇನ ಇದ್ದದ್ ಇದ್ದಂಗೆ ತೋರ್ಸೋ ಡೈರೆಕ್ಟರ್ ಅಂದ್ರೆ ಇವ್ನೊಬ್ನೇ" ಎಂದು ಸೋದರತ್ತೆಗೆ ಬೋಧಿಸುತ್ತಿದ್ದೆ. ಅತ್ತೆ ಆ ಸಿನಿಮಾವನ್ನು, ತಮಿಳು ಬೆರೆತ ಅವಳ ಮಾತಿನಲ್ಲಿ 'ಪಡ'ವನ್ನು, ನನ್ನ ಜೊತೆಯೇ ನೋಡಿದ್ದಳು. ಕತ್ತರಿ ನಿಲ್ಲಿಸದೆ ಕೇಳಿದಳು:

"ಪಡ ಚೆನ್ನಾಗೈತೆ ನನ್ ಕಣ್ಣು. ಆದ್ರೆ ಆ ಹೀರೋ ಆರಡಿ ಆಳು, ದ್ರಾಕ್ಷಿ ಪಂದಲ್ಲು ಐದೂವರೆ ಅಡಿ. ಆ ಚಪ್ಪರದಡಿ ತಲೆ ಬಗ್ಗಿಸ್ದೆ ಹೆಂಗ್ ಓಡ್ದ?"

"ಹಿಂದೆ ನಾಲ್ಕ್ ಜನ ಕತ್ತಿ ಹಿಡ್ಕೊಂಡ್ ಬರ್ತಿದ್ರೆ ಬಗ್ಗೋಕೆ ಟೈಮ್ ಎಲ್ಲೈತೆ ಅತ್ತೆ?" ಎಂದೆ.

ಹುಟ್ಟಿದಾಗಿನಿಂದ ಈ ಚಪ್ಪರದಡಿ ಬಗ್ಗಿಯೇ ನಡೆದವನು ನಾನು. ಆದರೂ ಡೈರೆಕ್ಟರ್ ಮಾನ ಉಳಿಸಬೇಕಲ್ಲ! ನಾನೂ ಆರಡಿಗೆ ಎರಡು ಬೆರಳಷ್ಟೇ ಕಡಿಮೆ. ಎದೆಯುಬ್ಬಿಸಿ, ತಲೆಯೆತ್ತಿ ಓಡಿ ತೋರಿಸಿದೆ. ನಾಲ್ಕನೇ ಹೆಜ್ಜೆಗೆ ಚಪ್ಪರದ ಕಂಬಿ ಹಣೆಗೆ ಬಡಿದು ಅಂಗಾತ ಬಿದ್ದೆ. ಮೇಲಿಂದ ಒಂದು ಗೊಂಚಲೂ ಬಿತ್ತು. ಕೊಯ್ಲಿಗೆ ಬಂದಿದ್ದ ಹೆಂಗಸರು ನಕ್ಕಷ್ಟು ಆ ಸಿನಿಮಾದ ಕಾಮಿಡಿ ಸೀನಿಗೆ ಥಿಯೇಟರಿನಲ್ಲಿ ಯಾರೂ ನಕ್ಕಿರಲಿಲ್ಲ.

ಅತ್ತೆ ಅರಿಶಿನ ಹಚ್ಚುತ್ತಾ ಹೇಳಿದಳು: "ಮುಂದಿನ್ ವಾರ ಬರೋ ಪಡಕ್ಕೂ ನನ್ನ ಕರ್ಕೊಂಡ್ ಹೋಗು. ಅದ್ರಲ್ಲಿ ಹೀರೋ ಬಾವಿಗ್ ಹಾರಿದ್ರೆ, ನೀನ್ ಮನೆಗ್ ಬರೋ ಮುಂಚೆ ನಾನ್ ಓಡ್ಬಂದ್ ನಮ್ ಬಾವಿ ಮುಚ್ಬೇಕು."

ಟ್ರೈಲರಿನಲ್ಲಿ ಹಾರುತ್ತಾನೆ. ಅತ್ತೆಗೆ ಇನ್ನೂ ಹೇಳಿಲ್ಲ.