ಕಾಲುವೆ ರಸ್ತೆಯಲ್ಲಿ ಗಾಲಿ ಸ್ಕೀ

ನಮ್ಮ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಹಿಮದ ಮೇಲೆ ಮೈಲುಗಟ್ಟಲೆ ಜಾರುತ್ತ ಹೋಗುವ ಸ್ಕೀ ಆಟದವರು ಹಿಮವಿಲ್ಲದ ತಿಂಗಳುಗಳಲ್ಲಿ ಗಾಲಿ ಹಚ್ಚಿದ ಸ್ಕೀ ಕಟ್ಟಿಕೊಂಡು ಡಾಂಬರಿನ ಮೇಲೆ ಅಭ್ಯಾಸ ಮಾಡುತ್ತಾರಂತೆ. ಇದನ್ನು ಹೇಳಿದವನು ನನ್ನ ಮೈದುನ. ಸೈನ್ಯದಲ್ಲಿದ್ದಾಗ ಹಿಮದ ಠಾಣೆಯಲ್ಲಿ ಸ್ಕೀ ಕಲಿತು, ನಿವೃತ್ತನಾಗಿ ಬಂದ ಮೇಲೆ ಒಂದು ಜೊತೆ ಗಾಲಿ ಸ್ಕೀ ತರಿಸಿಕೊಂಡಿದ್ದ. ಜಮಖಂಡಿಯಿಂದ ಮುಧೋಳದ ಕಡೆ ಹೋಗುವಾಗ ಸಿಗುವ ಕಾಲುವೆ ರಸ್ತೆಯಲ್ಲಿ ಬೆಳಗ್ಗೆ ಒಬ್ಬನೇ ಜಾರುತ್ತಿದ್ದ. ಅವನಿಗೆ ನಾಷ್ಟಾ ಕೊಡಲು ಒಮ್ಮೆ ಹೋದವಳು ಡಬ್ಬಿ ಹಿಡಿದುಕೊಂಡೇ ನಿಂತುಬಿಟ್ಟೆ. ಎರಡು ಕೋಲು ಊರಿ ಒಮ್ಮೆ ನೂಕಿದರೆ ಸಾಕು, ಹತ್ತು ಹೆಜ್ಜೆಯ ನೆಲ ತಾನಾಗಿ ಹಿಂದೆ ಹೋಗುತ್ತಿತ್ತು. ನನ್ನ ನಲವತ್ತಾರು ವರ್ಷದಲ್ಲಿ ಯಾವುದೂ ಹಾಗೆ ತಾನಾಗಿ ಸರಿದದ್ದಿಲ್ಲ.

"ನನಗೂ ಕಲಸಪಾ" ಎಂದೆ.

"ವೈನಿ, ಇದೇನ ಹಪ್ಪಳಾ ಲಟ್ಟಿಸೂದಂತ ಮಾಡೀರೇನು? ಬಿದ್ರ ಸೊಂಟಾ ಮುರೀತೈತ್ರಿ. ಆಮ್ಯಾಲ ಅಣ್ಣಾ ನನ್ನ ಕಡೀತಾನ."

ಆದರೂ ಕಲಿಸಿದ, ಮನಸ್ಸಿಲ್ಲದ ಮನಸ್ಸಿನಿಂದ. ಅವನ ಬೂಟು ನನಗೆ ದೊಡ್ಡದು. ಎರಡು ಜೊತೆ ಕಾಲುಚೀಲ ಹಾಕಿದರೂ ಒಳಗೆ ಕಾಲು ಓಡಾಡುತ್ತಿತ್ತು. ಬೂಟಿನ ಮೂತಿಯಷ್ಟೇ ಸ್ಕೀಗೆ ಸಿಕ್ಕಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿ ಏಳುತ್ತದೆ. ಮೂರು ವಾರ ಬಿದ್ದೆ. ಮೊಣಕೈ ತರಚಿತು. ಎದ್ದಾಗಲೆಲ್ಲ ಅವನದು ಒಂದೇ ಮಾತು: "ರೊಟ್ಟಿ ಬಡದಂಗ ಕೋಲ ಬಡೀಬ್ಯಾಡ್ರಿ, ಊರ್ರಿ." ಸೇತುವೆಯ ಇಳಿಜಾರಿನಿಂದ ಕಬ್ಬಿನ ಹೊಲದವರೆಗೆ ಒಂದು ದಿನ ಬೀಳದೆ ಬಂದೆ. ಆ ರಸ್ತೆ ಬಿಟ್ಟರೆ ಇಷ್ಟು ನುಣುಪಾದದ್ದು ಹತ್ತಿರದಲ್ಲಿ ಎಲ್ಲೂ ಇಲ್ಲ. ಆದರೆ ನಿಲ್ಲುವುದು ಮಾತ್ರ ಇನ್ನೂ ಬಂದಿರಲಿಲ್ಲ. ಸ್ಕೀಗೆ ಬ್ರೇಕಿಲ್ಲ. ಮೂತಿಗಳನ್ನು ಒಳಗೆ ತಿರುಗಿಸಿ, ಹಿಂಬದಿ ಅಗಲಿಸಿ, ನೆಲ ಒತ್ತಿ ನಿಲ್ಲಬೇಕು.

ಕಡಲೆ ಸುಗ್ಗಿ ಬಂತು. ಕಾಲುವೆ ರಸ್ತೆಯೇ ಕಣವಾಯಿತು. ನಮ್ಮಲ್ಲಿ ಅದು ರೂಢಿ: ಕಿತ್ತ ಗಿಡಗಳನ್ನು ಅರ್ಧ ರಸ್ತೆಗೆ ಹರವಿದರೆ ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸುತ್ತವೆ. ಆ ದಿನ ಇನ್ನರ್ಧ ರಸ್ತೆಯಲ್ಲಿ, ಸೇತುವೆಯ ಇಳಿಜಾರು ಮುಗಿಯುವಲ್ಲೇ, ತೂರಿದ ಕಾಳಿನ ರಾಶಿ ಇತ್ತು. ಪೂಜೆ ಮಾಡಿ ರಾಶಿಯ ನೆತ್ತಿಯ ಮೇಲೆ ಎರಡು ಊದುಬತ್ತಿ ಚುಚ್ಚಿದ್ದರು, ಒಂದು ಆರಿತ್ತು. ಇಳಿಜಾರಿನಲ್ಲಿ ಬರುತ್ತ ಇಷ್ಟೆಲ್ಲ ಕಂಡಿತು, ನಿಲ್ಲಲು ಮಾತ್ರ ಆಗಲಿಲ್ಲ. ಗಾಲಿಯ ಕೆಳಗೆ ಕಾಳು ಸಿಕ್ಕು, ಕಾಲು ಎರಡು ಕಡೆ ಹೋಗಿ, ರಾಶಿಯ ನಡುವೆ ಕೂತೆ.

ರಾಶಿಯ ಒಡತಿ ಮೊರ ಎಸೆದು ಓಡಿಬಂದಳು. ನನ್ನ ಓರಿಗೆಯವಳೇ.

"ಮೆಟ್ಟ ಹಾಕ್ಕೊಂಡ ರಾಶಿ ತುಳದೀಯಲ್ಲ ಬೇ! ಕಣ್ಣ ಒಡದಾವೇನ?"

"ತಪ್ಪಾತ್ರಿ. ನಿಲ್ಲಾಕ ಆಗಲಿಲ್ಲ."

"ನಿಲ್ಲಾಕ ಬರಂಗಿಲ್ಲಂದ್ರ ಯಾಕ ಏರತಿ? ನಮ್ಮ ಕ್ವಾಣ ಸೈತ ನಿಲ್ಲಂದ್ರ ನಿಲ್ತೈತಿ."

ನಮ್ಮ ಮನೆಯಲ್ಲೂ ರಾಶಿಯ ಹತ್ತಿರ ಯಾರೂ ಚಪ್ಪಲಿ ಮೆಟ್ಟಿ ಹೋಗುವುದಿಲ್ಲ. ಅವಳದು ಸರಿ ಎಂದು ಗೊತ್ತಿತ್ತು. ಅದಕ್ಕೇ ಸಿಟ್ಟು ಹೆಚ್ಚಾಯಿತು. ಚಿಕ್ಕಂದಿನಲ್ಲಿ ಕಾನ್ವೆಂಟ್ ಶಾಲೆಯ ಸಿಸ್ಟರುಗಳು ಕಲಿಸಿದ ಮೆಲುದನಿಯಲ್ಲಿ ಮತ್ತೆ ತಪ್ಪಾಯಿತೆಂದೆ. ಆ ಮೆಲುದನಿ ಅವಳನ್ನು ಇನ್ನಷ್ಟು ಕೆರಳಿಸಿತು. ಅಷ್ಟರಲ್ಲಿ ಎರಡು ಟ್ರೇಲರು ಕಬ್ಬು ಎಳೆದುಕೊಂಡು ಒಂದು ಟ್ರ್ಯಾಕ್ಟರ್ ಹರವಿದ ಗಿಡಗಳ ಮೇಲೆ ಹಾದುಬಂತು.

"ಅದು ತುಳದ್ರ ನಡೀತೈತೇನ್ರಿ?" ಎಂದೆ.

"ಅದಕ್ಕ ಗಾಲಿ ಅದಾವ."

"ನನಗೂ ಗಾಲೀನ ಅದಾವಲ್ರಿ" ಎಂದು ಕಾಲೆತ್ತಿ ತೋರಿಸಿದೆ.

ಟ್ರ್ಯಾಕ್ಟರಿನವನು ವೇಗ ತಗ್ಗಿಸಿ, ಹಲ್ಲು ಕಿಸಿದ. "ಅಕ್ಕಾರ, ಆರ್‌ಟಿಓದಾಗ ಪಾಸಿಂಗ್ ಆಗೇತೇನ್ರಿ? ನಂಬರ ಎಲ್ಲೈತ್ರಿ?"

ಅವನು ನಕ್ಕದ್ದು ಅವಳಿಗೂ ತಾಗಿತು, ನನಗೂ ತಾಗಿತು. ಅವಳು ನನ್ನ ರಟ್ಟೆ ಹಿಡಿದು ಎಳೆದಳು. ಬೂಟಿನ ದಾರ ಬಿಚ್ಚಿ, ಬರಿಗಾಲಲ್ಲಿ ಕೂತು, ಚೆಲ್ಲಿದ ಕಾಳನ್ನು ಒಂದೊಂದಾಗಿ ಆರಿಸಿದೆ. ನಾನು ಆರಿಸಿದ ಬೊಗಸೆಯನ್ನು ಅವಳು ರಾಶಿಗೆ ಸೇರಿಸಲಿಲ್ಲ; ಬೇರೆ ಚೀಲಕ್ಕೆ ಹಾಕಿದಳು. "ಎಮ್ಮಿಗಿ ಆತು" ಎಂದಳು.

ಸೇತುವೆಯ ಆಚೆ ಕಾಯುತ್ತಿದ್ದ ಮೈದುನ, ತಡವಾದದ್ದು ಕಂಡು ಓಡಿಬಂದ. ನನ್ನ ಕಡೆ ನೋಡಲೂ ಇಲ್ಲ, ಅವಳಿಗೆ ಕೈಮುಗಿದ. "ಹೊಟ್ಟ್ಯಾಗ ಹಾಕ್ಕೋರಿ ಯಕ್ಕಾ. ಇವ್ರು ಇನ್ನ ಈ ಕಡೆ ಬರೂದಿಲ್ಲ."

ದಾರಿಯಲ್ಲಿ ಕೇಳಿದೆ, "ಬರೂದಿಲ್ಲಂತ ಹೇಳಾಕ ನೀ ಯಾರು?"

"ಮತ್ತೇನ ಜಗಳಾ ತಗೀಲ್ಯಾ? ಅಂಗಳದಾಗ ಆಡ್ರಿ ವೈನಿ."

ನಮ್ಮ ಅಂಗಳ ಸಂದು ಬಿಟ್ಟ ಫರಸಿ ಹಾಸುಗಲ್ಲಿನದು, ಒಂಬತ್ತು ಹೆಜ್ಜೆ ಉದ್ದ. ಮರುದಿನ ಅವನು ಏಳುವ ಮೊದಲೇ ಸ್ಕೀಗಳನ್ನು ಸೀರೆಯಲ್ಲಿ ಸುತ್ತಿ ಸ್ಕೂಟಿಯ ಮೇಲೆ ಅಡ್ಡ ಕಟ್ಟಿಕೊಂಡು ಹೊರಟೆ.

ರಾಶಿಯ ಈಚೆಗೆ, ಆ ಅರ್ಧ ರಸ್ತೆಗೆ, ಜಾಲಿಮುಳ್ಳು ಅಡ್ಡ ಎಳೆದಿತ್ತು. ಉಳಿದರ್ಧದಲ್ಲಿ ಗಿಡ ಹರವಿತ್ತು, ಟ್ರ್ಯಾಕ್ಟರುಗಳಿಗೆ. ನನಗೆ ಉಳಿದದ್ದು ಸೇತುವೆಯಿಂದ ಮುಳ್ಳಿನವರೆಗಿನ ತುಂಡು. ಅವಳು ಸೊಂಟದ ಮೇಲೆ ಕೈಯಿಟ್ಟು ಮುಳ್ಳಿನ ಆಚೆ ನಿಂತಿದ್ದಳು. ಬೂಟು ಕಟ್ಟಿದೆ. ಬೈಯಲಿ ಎಂದು ಕಾದೆ, ಬೈಯಲಿಲ್ಲ. ನೂಕಿದೆ. ಮುಳ್ಳು ಎದುರಿಗೆ ಬರುತ್ತಿದ್ದಂತೆ ಹಿಮ್ಮಡಿಗಳನ್ನು ಹೊರಗೆ ಒತ್ತಿದೆ, ತೊಡೆ ನಡುಗಿತು, ಗಾಲಿ ಕಿರ್ರೆಂದಿತು. ಮುಳ್ಳಿಗೆ ಒಂದು ಮಾರು ದೂರದಲ್ಲಿ ನಿಂತೆ.

ಅವಳು ನೆಲಕ್ಕೆ ಉಗುಳಿ ಮೊರ ಕೈಗೆತ್ತಿಕೊಂಡಳು.

ಮಾರನೆಯ ಬೆಳಗ್ಗೆ ಮುಳ್ಳು ಸೇತುವೆಯ ಕಡೆಗೆ ಇಪ್ಪತ್ತು ಹೆಜ್ಜೆ ಸರಿದಿತ್ತು. ಎಷ್ಟು ಉಳಿದಿದೆಯೆಂದು ಕಣ್ಣಲ್ಲೇ ಅಳೆದು, ಬೂಟಿನ ದಾರ ಬಿಗಿದೆ.