ಸೀತೆಯನ್ನು ಹಿಡಿದುಕೊಟ್ಟವನು

ಸಿಡ್ನಿ ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜು. ಪ್ರದರ್ಶನಕ್ಕೆ ತಂದ ತೊಗಲುಗೊಂಬೆಗಳಲ್ಲಿ ಸೀತೆಯೊಬ್ಬಳೇ ಸಿಕ್ಕಿಬಿದ್ದಳು. ನೋಡುವವರು ಬೆರಗಾಗಲಿ ಎಂದು, ಆಡಿನ ತೊಗಲಿನವಳನ್ನು ಫಾರಂನಲ್ಲಿ ‘ಅಪ್ಪಟ ಜಿಂಕೆ ಚರ್ಮ’ ಎಂದು ಮೆರೆಸಿದ ಮಹಾಪಂಡಿತ ನಾನೇ. ಬರೆದದ್ದು ಸುಳ್ಳು ಎಂದು ಗೋಗರೆದೆ. ಬಸ್ಕಿ ಹೊಡೆಯುವುದೊಂದು ಬಾಕಿ. ಅಧಿಕಾರಿ ನಂಬಲಿಲ್ಲ. ಪರ್ಮಿಟ್ ಇಲ್ಲ, ಸುಡುತ್ತೇವೆ ಎಂದಳು.

“ಏನಂತಪ್ಪಾ?” ಎಂದರು ಇಂಗ್ಲಿಷ್ ಬಾರದ ಗೊಂಬೆಯಾಟದ ತಿಪ್ಪಣ್ಣಜ್ಜ. ಸೀತೆ ಅವರ ತಂದೆ ಕೊರೆದವಳು.

“ಇಲ್ಲೇ ಇಟ್ಕೋತಾರಂತೆ ಅಜ್ಜ. ಆಮೇಲೆ... ನೀರಿಗೆ ಬಿಡ್ತಾರಂತೆ.”

ಸವೆದ ಗೊಂಬೆಗಳನ್ನು ಅವರ ಮನೆಯವರು ಹೊಳೆಗೆ ಬಿಡುತ್ತಾರೆ. ಅಜ್ಜ ಸೀತೆಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡರು.

“ಬಿಡುವಾಗ ಮುಖ ಮ್ಯಾಲಕ್ಕಿರ್ಲಿ ಅಂತ ಆ ತಾಯಿಗೆ ಹೇಳು.”

ಅದನ್ನೇ ಹೇಳುವವನಂತೆ ನಾನು ಅಧಿಕಾರಿಗೆ “ಥ್ಯಾಂಕ್ಯೂ” ಎಂದೆ.